ಮದಕದ ಗುಡ್ಡೆಗೆ ಒಬ್ಬ ಕಾವಲುಗಾರ

“ಆ ಮುಳ್ಳು ಪೊದೆಯಲ್ಲಿ ಟೀಚರನ್ನು ಎಲ್ಲಿ ಕೂರಿಸ್ತಿ ಮೋನೇ?” ಎಂದು ಸೈನಬ ಉಮ್ಮ ಬೆಳಿಗ್ಗೆ ಮಗನನ್ನು ಕೇಳದೇ ಇದ್ದಿದ್ದರೆ ಆ ದಿನ ಸುಸೂತ್ರವಾಗಿ ಕಳೆದುಹೋಗುತ್ತಿತ್ತು. ತಪ್ಪು ಉಮ್ಮನದ್ದು ಎನ್ನಲಿಕ್ಕೂ ಬಾಯಿ ಬರುವುದಿಲ್ಲ. ಯಾರಾದರೂ ಬರುತ್ತಾರೆಂದರೆ ಮೊದಲು ಅಂಗಳ ಚೊಕ್ಕ ಮಾಡಬೇಕು, ಆಮೇಲೆ ಉಳಿದದ್ದು. ಈ ಕಡೆಯ ಮನೆಗಳಲ್ಲಿ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುವ ಪಾಠ ಅದು.

ಮಗ ಅಬ್ದುಲ್ ನಾಸಿರ್‌ಗೆ ಮಡಂತ್ಯಾರಿನಲ್ಲಿ ಚಪ್ಪಲಿ ಅಂಗಡಿ. ಅಣ್ಣತಮ್ಮಂದಿರ ನಡುವೆ ಪಾಲಾಗುವಾಗ ಮನೆ ಮತ್ತು ಬಾವಿ ಅವನಿಗೆ ಬಂದಿದ್ದವು, ಮನೆಯ ಹಿಂದಿನ ಗುಡ್ಡೆ ತಮ್ಮ ಫಾಝಿಲ್‌ಗೆ ಹೋಗಿತ್ತು. ಗುಡ್ಡೆಯ ನೆತ್ತಿಯಲ್ಲೊಂದು ಮದಕ. ಮಳೆಗಾಲದ ನೀರು ಆ ಹೊಂಡದಲ್ಲಿ ನಿಂತು, ಮೆಲ್ಲಗೆ ಇಂಗಿ, ಕೆಳಗಿನ ಮನೆಗಳ ಬಾವಿಗಳನ್ನು ಬೇಸಿಗೆ ಮುಗಿಯುವವರೆಗೆ ಬದುಕಿಸುತ್ತಿತ್ತು. ಗುಡ್ಡೆಯ ಹೊಟ್ಟೆಯಲ್ಲಿ ಒಳ್ಳೆಯ ಕೆಂಪುಕಲ್ಲೂ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿ. ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ ಫಾಝಿಲ್‌ನ ಹಿಂದೆ ಕಲ್ಲುಕೋರೆಯವನೊಬ್ಬ ಬಿದ್ದಿದ್ದ.

“ಕಾಕ, ಟ್ರಸ್ಟಿನವರು ತಗೊಳ್ತಾರಾದ್ರೆ ಕೊಡುವ. ಒಳ್ಳೆ ಕೆಲ್ಸ, ನಾನು ಖುಷಿಯಲ್ಲಿ ಸೈನ್ ಹಾಕ್ತೇನೆ. ಆದ್ರೆ ನಾಳೆ ನನ್ನ ಫ್ಲೈಟ್. ಇವತ್ತು ಆಗದಿದ್ರೆ ಕೋರೆಗೇ. ಸುಮ್ನೆ ಬಿದ್ದಿರ್ಲಿಕ್ಕೆ ಮಾತ್ರ ಬಿಡುದಿಲ್ಲ,” ಎಂದು ಅವನು ಅಣ್ಣನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಟ್ರಸ್ಟೆಂದರೆ ಬೆಳ್ತಂಗಡಿ ಕಡೆಯ ಒಂದಿಷ್ಟು ಜನ ಸೇರಿ ಮಾಡಿಕೊಂಡ ಸಣ್ಣ ಸಂಸ್ಥೆ. ಜನ ದಾನ ಕೊಟ್ಟ ಗುಡ್ಡೆ, ಕೆರೆಗಳನ್ನು ವಹಿಸಿಕೊಂಡು, ಬೇಲಿ ಹಾಕಿ, ಕಾಡನ್ನು ಅದರ ಪಾಡಿಗೆ ಬೆಳೆಯಲು ಬಿಡುವುದು ಅವರ ಕೆಲಸ. ಒಮ್ಮೆ ಅವರ ಕೈಗೆ ಹೋದ ನೆಲವನ್ನು ಯಾರೂ ಅಗೆಯುವಂತಿಲ್ಲ. ಟ್ರಸ್ಟಿನ ಅಧ್ಯಕ್ಷೆ ಪದ್ಮಾಕ್ಷಿ ಟೀಚರ್ ಸಂಜೆ ಬಂದು, ಮೊದಲ ಸಲ ಗುಡ್ಡೆ ನೋಡಿ, ಅಲ್ಲೇ ನಿರ್ಧಾರ ಹೇಳುವುದೆಂದು ಮಾತಾಗಿತ್ತು.

ನಾಸಿರ್ ಅಂಗಡಿಗೆ ರಜೆ ಹಾಕಿ, ಕತ್ತಿ ಹಿಡಿದು ಗುಡ್ಡೆ ಹತ್ತಿದ. ಟೀಚರಿಗೆ ನಡೆಯಲು ಒಂದು ದಾರಿ, ಕೂರಲು ಮೂರು ಕುರ್ಚಿ ಇಡುವಷ್ಟು ಜಾಗ. ಅವನ ಮನಸ್ಸಿನಲ್ಲಿದ್ದದ್ದು ಅಷ್ಟೇ. ಅಷ್ಟರಲ್ಲಿ ಪಕ್ಕದ ಮನೆಯ ತುಕ್ರಪ್ಪ ನೋಡಿದ.

“ಕತ್ತಿಯಲ್ಲಿ ಯಾವಾಗ ಮುಗಿಯುದು ನಾಸಿರೇ? ನನ್ನ ಹುಲ್ಲು ಕತ್ತರಿಸುವ ಮೆಷಿನ್ ಉಂಟಲ್ಲ! ಈಗ ತರ್ತೇನೆ.”

ತುಕ್ರಪ್ಪನ ಬಾವಿಗೂ ಆ ಮದಕದ್ದೇ ನೀರು. ಗುಡ್ಡೆ ಉಳಿಯಬೇಕೆಂಬ ಆಸೆ ಅವನಿಗೆ ನಾಸಿರ್‌ಗಿಂತ ಒಂದು ತೂಕ ಹೆಚ್ಚೇ. ಇಷ್ಟು ಪ್ರೀತಿಯಿಂದ ಯಾರಾದರೂ ಸಹಾಯಕ್ಕೆ ಬಂದರೆ ಬಾಗಿಲು ಹಾಕಿಕೊಂಡು ಮಲಗುವುದು ವಾಸಿ. ನಾಸಿರ್ ಮಲಗಲಿಲ್ಲ.

ಮೆಷಿನ್ ಗುರ್ರೆಂದಿತು. ದಾರಿಯಾಯಿತು.

“ಜೀಪು ತಿರುಗಿಸ್ಲಿಕ್ಕೆ ಜಾಗ ಬೇಡ್ವಾ?” ಎಂದ ತುಕ್ರಪ್ಪ. ಅದೂ ಆಯಿತು. “ಹಾವು ಗೀವು ಬಂದ್ರೆ? ಟೀಚರಿಗೆ ಏನಾದ್ರೂ ಆದ್ರೆ ನಮ್ಮ ತಲೆಗೇ ಅಲ್ವಾ?” ಎಂದ. ಆ ಬದಿಯೂ ಹೋಯಿತು. ಚಹಾ ತಂದ ನಾಸಿರ್‌ನ ಹೆಂಡತಿ ಜುಲೈಕಾ, “ಇದೆಂಥ, ಕ್ಷೌರದ ಅರ್ಧದಲ್ಲಿ ಎದ್ದು ಬಂದ ಹಾಗೆ ಕಾಣ್ತದೆ,” ಎಂದು ಮೂಗು ಮುರಿದಳು. ಉಳಿದರ್ಧವನ್ನೂ ತೆಗೆದರು.

ಮಧ್ಯಾಹ್ನಕ್ಕೆ ಕೇಪುಳ, ನೆಕ್ಕರೆ, ಆಗಷ್ಟೇ ಮೊಣಕಾಲೆತ್ತರ ಬಂದಿದ್ದ ರೆಂಜೆಯ ಗಿಡಗಳು ಎಲ್ಲ ನೆಲಕ್ಕೆ. ಮದಕದ ಅಂಚಿನವರೆಗೆ ಗುಡ್ಡೆ ನುಣ್ಣಗೆ ಹೊಳೆಯುತ್ತಿತ್ತು. ಆಚೆ ಇಳಿಜಾರಿನಲ್ಲಿ ಮಾತ್ರ ಒಣಗಿದ ಮುಳಿಹುಲ್ಲು ಉಳಿದಿತ್ತು, ಅಲ್ಲಿಗೆ ಬರುವಾಗ ಪೆಟ್ರೋಲ್ ಮುಗಿದದ್ದರಿಂದ. ಇಬ್ಬರೂ ಸೊಂಟಕ್ಕೆ ಕೈಯಿಟ್ಟು ನೋಡಿದರು, ಹೆಮ್ಮೆಪಟ್ಟರು. ಕಾಡು ನೋಡಲು ಬರುವವರಿಗೆ ಕಾಡು ತೆಗೆದು ತೋರಿಸಲು ಹೊರಟಿದ್ದೇವೆ ಎಂದು ಒಬ್ಬರ ತಲೆಗೂ ಹೋಗಲಿಲ್ಲ.

“ಈ ಸೊಪ್ಪಿನ ರಾಶಿ ಒಂದು ಲಾಯಕ್ಕಿಲ್ಲ,” ಎಂದ ತುಕ್ರಪ್ಪ. “ಮೇಲೆ ಮಣ್ಣು ಹಾಕಿ ಸುಡುವ. ನಿನ್ನ ಉಮ್ಮನ ಮಲ್ಲಿಗೆಗೆ ಒಳ್ಳೆ ಸುಡುಮಣ್ಣು ಗೊಬ್ಬರ ಆಗ್ತದೆ.”

“ಗಾಳಿ ಉಂಟಲ್ಲ ತುಕ್ರಪ್ಪಣ್ಣ?”

“ಎಂಥ ಗಾಳಿ ಮಾರಾಯ! ನಾನಿಲ್ವಾ?”

ತುಕ್ರಪ್ಪ ಇದ್ದ, ಗಾಳಿಯೂ ಇತ್ತು. ಅವನು ಕಡ್ಡಿ ಗೀರಿ, ಮಣ್ಣು ಹಾಕುವಷ್ಟರಲ್ಲಿ ಕಿಡಿ ಹಾರಿ ಮುಳಿಹುಲ್ಲಿಗೆ ಬಿತ್ತು. ಬೆಂಕಿ ಇಳಿಜಾರಿನುದ್ದಕ್ಕೂ ಚಟಚಟನೆ ಓಡಿತು. ನಾಸಿರ್ ಹಸಿ ಸೊಪ್ಪಿನ ಕಟ್ಟು ಹಿಡಿದು ಬಡಿದ, ಕೂಗಿದ, ಪುನಃ ಬಡಿದ. ಕೂಗು ಕೇಳಿ ಕೆಳಗಿನ ಮನೆಗಳಿಂದ ಹೆಂಗಸರು, ಗಂಡಸರು, ಕೊಡಪಾನ, ಬಕೆಟ್, ಬಿರಿಯಾನಿ ಚೆಂಬು, ಸಿಕ್ಕಿದ್ದೆಲ್ಲ ಹಿಡಿದು ಓಡಿ ಬಂದರು. ಹತ್ತಿರದಲ್ಲಿದ್ದ ನೀರೆಂದರೆ ಬೇಸಿಗೆಗೆ ತಳ ಸೇರಿದ್ದ ಮದಕದ್ದು. ಸಾಲಾಗಿ ನಿಂತು ಮೊಗೆದರು, ಕೈಯಿಂದ ಕೈಗೆ ಕೊಟ್ಟರು, ಸುರಿದರು. ಬೆಂಕಿ ಆರಿತು. ಮದಕವೂ ಮುಗಿಯಿತು.

ತಳದ ಕೆಸರಿನಲ್ಲಿ ಸಣ್ಣ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ನಾಸಿರ್ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. ಎಷ್ಟೋ ಬೇಸಿಗೆಗಳಲ್ಲಿ ಊರಿಗೆಲ್ಲ ನೀರಿಲ್ಲದಾಗಲೂ ಈ ಮದಕ ಒಣಗಿದ್ದನ್ನು ಅವನು ಕಂಡಿರಲಿಲ್ಲ. ಒಂದು ಬದಿ ಬೋಳು, ಇನ್ನೊಂದು ಬದಿ ಕಪ್ಪು. ಅವನಿಗೆ ಅಳು ಬಂತು.

“ತುಕ್ರಪ್ಪಣ್ಣ, ನಾವು ಎಂಥ ಮಾಡಿದ್ದು?”

ತುಕ್ರಪ್ಪ ಏನೋ ಹೇಳಹೊರಟ. ಅಷ್ಟರಲ್ಲಿ ಟ್ರಸ್ಟಿನ ಜೀಪು ಬಂದೇಬಿಟ್ಟಿತು.

ಪದ್ಮಾಕ್ಷಿ ಟೀಚರ್ ಇಳಿದವರು ಇಳಿದಲ್ಲೇ ನಿಂತರು. ಹೊಗೆಯಾಡುವ ಗುಡ್ಡೆ, ಮಸಿ ಮೆತ್ತಿದ ಮುಖಗಳು, ಖಾಲಿ ಕೊಡಪಾನ ಹಿಡಿದ ಒಂದು ಊರು.

“ಅಯ್ಯೋ ದೇವರೇ! ಕಾಡಿಗೆ ಬೆಂಕಿ ಬಿದ್ದದ್ದಾ? ನೀವೆಲ್ಲ ಸೇರಿ ನಂದಿಸಿದ್ದಾ?”

ನಾಸಿರ್ ಬಾಯಿ ತೆರೆದ. ತುಕ್ರಪ್ಪ ಮೊದಲೇ ಹೇಳಿಬಿಟ್ಟ: “ಹೌದು ಟೀಚರ್. ನಾಸಿರೇ ಮೊದಲು ನುಗ್ಗಿದ್ದು. ಜೀವದ ಆಸೆಯೇ ಇಲ್ಲ ಅವನಿಗೆ!”

“ಅಂಗಿ ನೋಡಿ, ತೋಳೇ ಸುಟ್ಟು ಹೋಗಿದೆ,” ಎಂದರು ಒಬ್ಬರು. “ನಮ್ಮನ್ನೆಲ್ಲ ಕೂಗಿ ಕರೆದದ್ದೇ ಅವ್ರು,” ಎಂದರು ಇನ್ನೊಬ್ಬರು. ಯಾವುದೂ ಸುಳ್ಳಲ್ಲ. ಗುಡ್ಡೆ ಉಳಿಯುವುದಾದರೆ ಉಳಿಯಲಿ ಎಂದು ನಾಸಿರ್ ತೆರೆದ ಬಾಯಿ ಮುಚ್ಚಿದ. ಫಾಝಿಲ್ ಸೈನ್ ಹಾಕಲು ತಯಾರಾಗಿ ಹತ್ತಿರ ಬಂದು ನಿಂತ.

ಟೀಚರ್ ಕಣ್ಣೊರೆಸಿಕೊಂಡರು. ಜೀಪಿನಿಂದ ಒಂದು ಶಾಲು ತಂದು ನಾಸಿರ್‌ನ ಮಸಿ ಅಂಗಿಯ ಮೇಲೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

“ಕೇಳಿ ನಾಸಿರ್, ಈ ವರ್ಷ ಒಂದು ಗುಡ್ಡೆಗೆ ಬೇಲಿ ಹಾಕುವಷ್ಟೇ ಶಕ್ತಿ ಉಂಟು ನಮ್ಗೆ. ಅಳದಂಗಡಿ ಹತ್ತಿರ ಇನ್ನೊಂದು ಜಾಗ ಉಂಟು, ಪಾಪ, ಕೇಳುವವರೇ ಇಲ್ಲ. ಇಲ್ಲಿಗಾ ಅಲ್ಲಿಗಾ ಅಂತ ನಂಗೆ ನಿದ್ದೆ ಇರ್ಲಿಲ್ಲ. ಈಗ ನಿಶ್ಚಯ ಆಯ್ತು. ಇಷ್ಟು ಜೀವ ಬಿಡುವವರು ಇರುವಾಗ ಇಲ್ಲಿಗೆ ನಾವು ಯಾಕೆ? ಅಲ್ಲಿಗೇ ಹೋಗ್ತೇವೆ.”

ನಾಸಿರ್ ಅವರೆದುರು ಅಡ್ಡ ಬಂದ. “ಟೀಚರೇ, ನೀವು ಇಲ್ಲಿಗೇ ಬೇಕು! ಕಾಡು ಕಡಿದದ್ದು ನಾವೇ, ಬೆಂಕಿ ಹಾಕಿದ್ದೂ ನಾವೇ! ಅಲ್ಲಾಹನಾಣೆ!”

ಟೀಚರ್ ತುಕ್ರಪ್ಪನ ಮುಖ ನೋಡಿದರು. ಕಡ್ಡಿ ಗೀರಿದವನು ತಾನೆಂಬುದು ಇಷ್ಟು ಜನರೆದುರು ಹೊರಬಿದ್ದರೆ ಗತಿಯೇನೆಂದು ತುಕ್ರಪ್ಪ ಬೆವರಿದ. “ಅವನು ಸಣ್ಣದಿರುವಾಗಿಂದ ಹಾಗೆಯೇ ಟೀಚರ್. ಹೊಗಳಿದ್ರೆ ನಾಚಿಕೆ,” ಎಂದ. ಸುತ್ತಲಿನವರು ಹೌದು ಹೌದೆಂದು ತಲೆಯಾಡಿಸಿದರು.

“ಬಿಟ್ರೆ ಕೋರೆಯವನು ತಗೊಳ್ತಾನೆ ಟೀಚರೇ!”

“ನೀವು ಇರುವಾಗ ಯಾವ ಕೋರೆಯವನಿಗೆ ಧೈರ್ಯ ಉಂಟು?” ಎಂದು ಟೀಚರ್ ಅವನ ಬೆನ್ನು ತಟ್ಟಿ ಜೀಪು ಹತ್ತಿದರು. ನಾಸಿರ್ ತಿರುವಿನವರೆಗೂ ಜೀಪಿನ ಹಿಂದೆ ಓಡಿದ. ಬೀಳ್ಕೊಡುವುದಕ್ಕೆಂದು ತಿಳಿದು ಅವರು ಕೈ ಬೀಸಿದರು.

ಅವನು ತಿರುಗಿ ಬರುವಾಗ ಫಾಝಿಲ್ ಫೋನಿನಲ್ಲಿದ್ದ. “ನಾಳೆ ಬೆಳಿಗ್ಗೆಯೇ ಬನ್ನಿ. ಇಲ್ಲ ಇಲ್ಲ, ಮರ ಗಿಡ ತೆಗಿಲಿಕ್ಕೆ ಏನೂ ಇಲ್ಲ. ಎಲ್ಲ ಕ್ಲೀನ್ ಉಂಟು.” ಅಣ್ಣನ ಮುಖ ಕಂಡು ಅವನಿಗೂ ಕೆಡುಕೆನಿಸಿರಬೇಕು, ದೂರ ಹೋಗಿ ಮಾತು ಮುಂದುವರಿಸಿದ.

ಜನ ಚದುರಿದರು. ತುಕ್ರಪ್ಪ ಮೆಷಿನ್ ಹೆಗಲಿಗೇರಿಸಿಕೊಂಡು ಯಾರಿಗೂ ಕಾಣದ ಹಾಗೆ ಇಳಿದುಹೋದ. ಸೈನಬ ಉಮ್ಮ ನಿಧಾನವಾಗಿ ಗುಡ್ಡೆ ಹತ್ತಿ ಬಂದು, ಮಗನ ಹೆಗಲ ಮೇಲಿನ ಶಾಲು ಮುಟ್ಟಿ ನೋಡಿದರು.

“ಟೀಚರ್ ಎಂಥ ಹೇಳಿದ್ರು ಮೋನೇ?”

ನಾಸಿರ್ ಶಾಲು ತೆಗೆದು ಉಮ್ಮನ ಕೈಯಲ್ಲಿಟ್ಟ.

“ಗುಡ್ಡೆ ನೋಡ್ಕೊಳ್ಲಿಕ್ಕೆ ನಾನೇ ಸಾಕಂತೆ, ಉಮ್ಮ.”