ಮೇಷ್ಟ್ರು ಒರಗಿದ ಸೀಟು

"ಇವತ್ತು ತಂಗಿ ಮನೆಗೆ ಹೋಗೋವಾಗ ಬೈಕಲ್ಲಿ ನಿಮ್ಮ ಹಿಂದೆ ಕೊನೇ ಸಲ ಕೂತು ನೋಡ್ತೀನಿ. ಸೊಂಟ ಹಿಡ್ಕೊಂಡ್ರೆ ಈ ಗಾಡಿ ಮಾರ್ಬಿಡ್ಬೇಕು, ಅಷ್ಟೆ." ಆಸ್ಪತ್ರೆಯ ಡ್ಯೂಟಿಗೆ ಹೊರಟ ಹೆಂಡತಿ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು.

ದರ್ಜಿ ಮೀಸೆಯಲ್ಲೇ ನಕ್ಕ. "ಸಂಜೆ ಐದಕ್ಕೆ ಬಂದು ಸೀಟು ನೋಡು. ಸರಿ ಹೋಗ್ಲಿಲ್ಲ ಅಂದ್ರೆ ನಿಂತ ಜಾಗದಲ್ಲೇ ಮಾರ್ತೀನಿ!"

ಆ ಬೈಕೆಂದರೆ ಅವನಿಗೆ ಪ್ರಾಣ. ಆದರೆ ಇಪ್ಪತ್ತು ವರ್ಷ ಊರವರ ಮೈಗೆಲ್ಲ ಬಟ್ಟೆ ಹೊಂದಿಸಿದವನಿಗೆ ಒಂದು ಸೀಟು ಯಾವ ದೊಡ್ಡ ಮಾತು? ಅಂಗಡಿಯ ಮುಂದೆಯೇ ಸೀಟು ಬಿಚ್ಚಿ, ಸ್ಪಂಜು ತುಂಬಿ, ಎರಡು ಗಂಟೆಯಲ್ಲಿ ಹೊಲಿದು ಮುಗಿಸಿದ. ಇನ್ನು ಟ್ರಯಲ್ ಆಗಬೇಕು. ಟ್ರಯಲ್ ನೋಡದೆ ಅವನು ಗಿರಾಕಿಗೆ ಕರವಸ್ತ್ರವನ್ನೂ ಕೊಟ್ಟವನಲ್ಲ. ಆದರೆ ತಾನೇ ಓಡಿಸುತ್ತ ತಾನೇ ಹಿಂದೆ ಕೂರುವುದು ಹೇಗೆ?

"ನಾನಿಲ್ವೇನಪ್ಪಾ?" ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು. ಏಣಿಗೆ ಅಂಗಿ ತೊಡಿಸಿದ ಹಾಗಿದ್ದ ಅವರು ಉತ್ತರಕ್ಕೂ ಕಾಯದೆ ಹಿಂದೆ ಹತ್ತಿ ಕೂತರು.

ಒಂದು ಸುತ್ತು ಬಂದರು. "ಮಂಡಿ ಗದ್ದಕ್ಕೆ ತಾಗ್ತಿದೆ, ಸೀಟು ಎತ್ತರಿಸು." ದರ್ಜಿ ಎತ್ತರಿಸಿದ. "ಕಾಲಿಡೋದು ಇನ್ನೂ ಕೆಳಗೆ ಬರ್ಲಿ." ಮೆಕ್ಯಾನಿಕ್ ಬಂದು ಇಳಿಸಿದ. "ಬೆನ್ನಿಗೆ ಏನಾದ್ರೂ ಆಸರೆ ಬೇಡ್ವೇ?" ಬಡಗಿ ಬಂದು ಹಳೆಯ ಕುರ್ಚಿಯೊಂದರ ಬೆನ್ನನ್ನೇ ತಂದು ಬಿಗಿದ. ಆರನೇ ಸುತ್ತಿನಲ್ಲಿ ಮೇಷ್ಟ್ರು ಒರಗಿ ಗೊರಕೆ ಹೊಡೆದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಗೆದ್ದೆ ಎಂದುಕೊಂಡ ದರ್ಜಿ.

ಐದಕ್ಕೆ ಸರಿಯಾಗಿ ಹೆಂಡತಿ ಬಂದಳು. ಅವಳು ದರ್ಜಿಯ ಭುಜಕ್ಕೂ ಬಾರದ ಕುಳ್ಳಿ. ಹತ್ತಲು ಅಂಗಡಿಯ ಸ್ಟೂಲು ಬೇಕಾಯಿತು. ಕೂತ ಮೇಲೆ ಕಾಲು ಗಾಳಿಯಲ್ಲಿ ತೂಗಾಡಿತು, ಗಾಡಿ ಹೊರಟರೆ ಕುರ್ಚಿಯ ಅಡ್ಡಪಟ್ಟಿ ತಲೆಯ ಹಿಂಬದಿಗೆ ಟಕಟಕ ಬಡಿಯಿತು. ಬೀದಿಯ ಕೊನೆಯಲ್ಲಿದ್ದ ಬಸ್ ನಿಲ್ದಾಣದ ಹತ್ತಿರವೇ ಅವಳು ಕಿರುಚಿದಳು: "ನಿಲ್ಸ್ರೀ!"

ಇಳಿದು ಸೊಂಟದ ಮೇಲೆ ಕೈಯಿಟ್ಟಳು. "ಯಾರ ಅಳತೆಗೆ ಮಾಡಿದ್ರಿ ಇದನ್ನ?"

ಹಿಂದೆಯೇ ಓಡಿಬಂದಿದ್ದ ಬೀದಿಯವರೆಲ್ಲ ಮೇಷ್ಟ್ರ ಮುಖ ನೋಡಿದರು. ಹೆಂಡತಿಯ ಅಳತೆ ಬಾಯಿಪಾಠವಿದ್ದ ದರ್ಜಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಂತ ಜಾಗದಲ್ಲೇ ಮಾರ್ತೀನಿ ಅಂದಿದ್ರಿ."

"ನಾನು ತಗೋತೀನಿ!" ಮೇಷ್ಟ್ರು ಥಟ್ಟನೆ ಕೈಯೆತ್ತಿದರು.

ಆಡಿದ ಮಾತನ್ನು ನುಂಗುವಂತಿರಲಿಲ್ಲ. ದರ್ಜಿ ಭಾರವಾದ ಮನಸ್ಸಿನಿಂದ ಕೀಲಿ ಕೊಟ್ಟ. ಅಷ್ಟರಲ್ಲಿ ಹೆಂಡತಿಯ ತಂಗಿ ಮನೆ ಕಡೆಗಿನ ಬಸ್ಸು ಬಂತು. ಹೆಂಡತಿ ಹತ್ತಿ ಕಿಟಕಿಯ ಪಕ್ಕ ಆರಾಮಾಗಿ ಕೂತಳು. ಅವನೂ ಮೆಟ್ಟಿಲಿಗೆ ಕಾಲಿಟ್ಟಾಗ ಮೇಷ್ಟ್ರು ತೋಳು ಹಿಡಿದು ಕೆಳಗೆಳೆದರು.

"ಎಲ್ಲಿಗಪ್ಪಾ ಹೊರಟೆ? ನನಗೆ ಬೈಕ್ ಓಡ್ಸೋಕೆ ಬರಲ್ಲ." ಕೀಲಿಯನ್ನು ಅವನ ಅಂಗೈಗೇ ಹಾಕಿ ಹಿಂದೆ ಹತ್ತಿ ಒರಗಿದರು. "ನಡಿ, ನಿನ್ನ ನಾದಿನಿ ಮನೆಗೇ ಹೋಗೋಣ. ನಿಧಾನ, ಗುಂಡಿ ನೋಡ್ಕೊಂಡು ಓಡ್ಸು. ಗಾಡಿ ನನ್ನದು."

ದರ್ಜಿ ಬಸ್ಸಿನ ಹೊಗೆ ಕುಡಿಯುತ್ತ ಅದರ ಹಿಂದೆಯೇ ಹೊರಟ. ಎರಡನೇ ತಿರುವಿಗೇ ಬೆನ್ನ ಹಿಂದೆ ಗೊರಕೆ ಶುರುವಾಯಿತು.