ಬಸಪ್ಪನವರ ಬಿಲ್ಲು

ಬರುವ ದುಡ್ಡಿಗೆ ನಾನು ಯಾವತ್ತೂ ಹೆದರಿದವಳಲ್ಲ. ನನ್ನ ಭಯವೆಲ್ಲ ಹೋಗುವ ದುಡ್ಡಿನದು. ಇದನ್ನು ನಮ್ಮ ಯಜಮಾನರು ಜಿಪುಣತನ ಎನ್ನುತ್ತಾರೆ, ನಾನು ಜಾಗ್ರತೆ ಎನ್ನುತ್ತೇನೆ. ಹೊನ್ನಾಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸು ಹೊಲಿಯುತ್ತೇನೆ. ಯಂತ್ರದ ಪಕ್ಕದ ಗೋಡೆಗೆ ಒಂದು ಸ್ಕ್ಯಾನರ್ ಚೀಟಿ ಅಂಟಿಸಿದ್ದೇನೆ. ಗಿರಾಕಿಗಳು ಅದಕ್ಕೆ ಫೋನು ಹಿಡಿದರೆ ನನ್ನ ಫೋನು ಟಿಣ್ ಎನ್ನುತ್ತದೆ, ನನ್ನ ಮುಖ ಅರಳುತ್ತದೆ. ಆದರೆ ಅದೇ ಫೋನಿನಿಂದ ದುಡ್ಡು ಹೊರಗೆ ಕಳಿಸಬಹುದು ಎಂಬುದನ್ನು ನೆನೆದರೇ ಅದನ್ನು ಮೆತ್ತಗೆ ಕೆಳಗಿಡುತ್ತಿದ್ದೆ. ಒಂದು ಗುಂಡಿ ತಪ್ಪಿ ಒತ್ತಿದರೆ ಹೊಲಿದು ಕೂಡಿಟ್ಟದ್ದೆಲ್ಲ ಯಾರೋ ಕಂಡರಿಯದವನ ಜೇಬಿಗೆ ಹೋದೀತು ಎಂದು ಭಯ. ಪಿನ್ ನಂಬರನ್ನಂತೂ ಎಲ್ಲೂ ಬರೆದಿಡಬಾರದು ಎಂದು ಬ್ಯಾಂಕಿನವರು ಹೇಳಿದ್ದರು. ಬರೆಯದೆ ನನಗೆ ನೆನಪಿರುವುದಿಲ್ಲ. ಕೊನೆಗೆ ಅಳತೆ ಪುಸ್ತಕದಲ್ಲಿ ‘ಪಿನ್ನಮ್ಮ’ ಎಂಬ ಗಿರಾಕಿಯನ್ನು ಸೃಷ್ಟಿಸಿ, ಆಕೆಯ ಎದೆ ಮತ್ತು ಸೊಂಟದ ಅಳತೆಯಾಗಿ ಆ ನಾಲ್ಕು ಅಂಕಿಗಳನ್ನು ಬರೆದಿಟ್ಟೆ. ಯಾವ ಕಳ್ಳನಿಗೂ ಅನುಮಾನ ಬಾರದು. ಸೊಂಟ ಎದೆಗಿಂತ ಇಷ್ಟು ದೊಡ್ಡದಿರುವ ಹೆಂಗಸು ಯಾರಿರಬಹುದು ಎಂದು ಬೇಕಾದರೆ ಯೋಚಿಸಿಯಾನು.

ಹೀಗಿರುವಾಗ ಕರೆಂಟ್ ಬಿಲ್ ಕಟ್ಟುವ ಕೆಲಸ ಮದುವೆಯಾದಾಗಿನಿಂದಲೂ ಯಜಮಾನರದ್ದೇ. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು, ಹಿಂದೆ ಮುಂದೆ ನಿಂತವರ ಜೊತೆ ಅಡಿಕೆ ರೇಟಿನಿಂದ ಹಿಡಿದು ದೇಶದ ಭವಿಷ್ಯದವರೆಗೆ ಮಾತಾಡಿ, ಬಿಲ್ ಕಟ್ಟಿ ಬರುವುದು ಅವರಿಗೆ ತಿಂಗಳ ಹಬ್ಬವಾಗಿತ್ತು. ಉಚಿತ ಕರೆಂಟು ಬಂದ ಮೇಲೆ ಆ ಹಬ್ಬ ನಿಂತಿತು. ಬಿಲ್ಲು ಬರುತ್ತಿತ್ತು, ಆದರೆ ಕಟ್ಟಬೇಕಾದ ಮೊತ್ತದ ಜಾಗದಲ್ಲಿ ದುಂಡನೆಯ ಸೊನ್ನೆ ಇರುತ್ತಿತ್ತು. ಯಜಮಾನರು ಮೊದಮೊದಲು ಆ ಸೊನ್ನೆಯನ್ನು ಪ್ರೀತಿಯಿಂದ ನೋಡುತ್ತಿದ್ದರು. ಆಮೇಲೆ ನೋಡುವುದನ್ನೂ ಬಿಟ್ಟು ಬಿಲ್ಲನ್ನು ನೇರವಾಗಿ ದೇವರ ಫೋಟೋದ ಹಿಂದೆ ಸಿಕ್ಕಿಸತೊಡಗಿದರು. ಈ ನಡುವೆ ನಾನು ಹಳೆಯ ಕಾಲಿನ ಯಂತ್ರ ಮಾರಿ ಮೋಟಾರಿನದ್ದು ತಂದೆ, ಹಬೆ ಬರುವ ಇಸ್ತ್ರಿಪೆಟ್ಟಿಗೆ ತಂದೆ. ಉಚಿತದ ಗೆರೆಯನ್ನು ನಾವು ಯಾವಾಗ ದಾಟಿದೆವೋ, ದೇವರಿಗೆ ಮಾತ್ರ ಗೊತ್ತಿತ್ತು. ಬಿಲ್ಲು ಅವನ ಬೆನ್ನ ಹಿಂದೆಯೇ ಇತ್ತಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆಯ ಬಿಲ್ಲು ಈಗಲೂ ನಮ್ಮ ಮಾವ ಬಸಪ್ಪನವರ ಹೆಸರಿನಲ್ಲೇ ಬರುತ್ತದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಹೆಸರು ಬದಲಾಯಿಸಬೇಕೆಂದು ಯಜಮಾನರು ಪ್ರತಿ ಯುಗಾದಿಗೆ ತೀರ್ಮಾನ ಮಾಡುತ್ತಾರೆ. ಅತ್ತೆಗೆ ಮಾತ್ರ ಇಷ್ಟವಿಲ್ಲ. “ತಿಂಗಳಿಗೊಂದ್ಸಲನಾದ್ರೂ ನಿಮ್ಮ ಮಾವನ ಹೆಸ್ರು ಹಿಡ್ಕಂಡು ಯಾರೋ ಬಾಗ್ಲಿಗೆ ಬರ್ತಾರಲ್ಲ, ಬರ್ಲಿ ಬಿಡ್ರಿ,” ಎನ್ನುತ್ತಾರೆ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು. ನ್ಯಾಮತಿಯ ಮದುವೆ ಮನೆಯೊಂದರ ಬ್ಲೌಸು ನನ್ನ ಯಂತ್ರದ ಮೇಲಿತ್ತು. ಮಾರನೆಯ ದಿನವೇ ಮುಹೂರ್ತ; ನಾಲ್ಕು ಗಂಟೆಗೆ ಮದುಮಗಳ ತಾಯಿ ಬಂದು ಒಯ್ಯಬೇಕು. ಒಂದು ತೋಳು ಕೂಡಿಸಿದ್ದೆ, ಇನ್ನೊಂದು ಬಾಕಿಯಿತ್ತು. ಹೊರಗೆ ಕಂಬಕ್ಕೆ ಏಣಿ ತಾಗಿದ ಸದ್ದಾಯಿತು. ಹೋಗಿ ನೋಡಿದರೆ ನರೆತ ಮೀಸೆಯ ಲೈನ್‌ಮನ್ ಒಬ್ಬರು ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದಾರೆ.

“ಬಸಪ್ಪೋರ ಮನಿ ಇದೇ ಅಲ್ರಾ? ಎರಡು ತಿಂಗಳ ಬಿಲ್ ಬಾಕಿ ಐತೆ ಅಕ್ಕಾರೆ. ಲೈನ್ ಕಟ್ ಮಾಡಾಕೆ ಬಂದೀನಿ.”

“ನಮಗೆ ಫ್ರೀ ಅಲ್ವೇನ್ರೀ?” ಎಂದೆ.

“ಫ್ರೀ ದಾಟಿ ಎರಡು ತಿಂಗಳಾತು,” ಎಂದರು ಅವರು, ಸಂತಾಪ ಹೇಳುವ ದನಿಯಲ್ಲಿ.

ಓಡಿಹೋಗಿ ದೇವರ ಫೋಟೋ ಎತ್ತಿದೆ. ಮಾತು ನಿಜ. ಯಜಮಾನರಿಗೆ ಫೋನು ಮಾಡಿದರೆ ಸ್ವಿಚ್ ಆಫ್; ಚನ್ನಗಿರಿಯಲ್ಲಿ ಏನೋ ತರಬೇತಿಗೆ ಹೋಗಿದ್ದರು. ನಾನೇ ಕೌಂಟರಿಗೆ ಹೋಗಿ ಕಟ್ಟಿ ಬರುತ್ತೇನೆ, ಸ್ವಲ್ಪ ತಡೆಯಿರಿ ಎಂದು ಕೇಳಿಕೊಂಡೆ.

“ನೀವು ಹೋಗಿ ಬರೋ ತನಕ ಕಾಯಾಕೆ ಆಗಲ್ಲ ಅಕ್ಕಾರೆ, ಇನ್ನೂ ಹನ್ನೊಂದು ಮನಿ ಅದಾವೆ. ಫೋನಿನಾಗೆ ಕಟ್ರಿ. ಎರಡು ನಿಮಿಷದ ಕೆಲ್ಸ. ಕಟ್ಟಿದ್ದು ಇದರಾಗೆ ಕಂಡ್ರೆ ಏಣಿ ತಗಂಡು ಹೋಗ್ತೀನಿ,” ಎಂದು ತಮ್ಮ ಫೋನನ್ನು ತೋರಿಸಿದರು.

ಒಳಗೆ ಮದುಮಗಳ ಬ್ಲೌಸು ಒಂಟಿ ತೋಳಿನಲ್ಲಿ ಮಲಗಿತ್ತು. ಕಾಲಿನ ಯಂತ್ರವನ್ನು ಮಾರಿದ ನನ್ನ ಬುದ್ಧಿಗೆ ಶಾಪ ಹಾಕುತ್ತ ಫೋನು ಕೈಗೆತ್ತಿಕೊಂಡೆ.

ನಾನು ಫೋನನ್ನು ತಿರುವಿಮುರುವಿ ನೋಡುವುದನ್ನು ಅತ್ತೆ ಕಂಡರು. ಎಪ್ಪತ್ತೆಂಟರ ನಮ್ಮ ಅತ್ತೆಗೆ ಆನ್‌ಲೈನೂ ಗೊತ್ತಿಲ್ಲ, ಆಫ್‌ಲೈನೂ ಗೊತ್ತಿಲ್ಲ. ಆದರೆ ಮನುಷ್ಯರನ್ನು ತಡೆದು ನಿಲ್ಲಿಸುವುದು ಚೆನ್ನಾಗಿ ಗೊತ್ತು. ಒಂದು ದೊಡ್ಡ ಲೋಟದ ತುಂಬ ಮಜ್ಜಿಗೆ ಹಿಡಿದು ಹೊರಗೆ ಹೋದವರು, “ಬಿಸ್ಲಾಗೆ ಬಂದೀಯಪ್ಪ, ಮೊದ್ಲು ಕುಡಿ. ಯಾವೂರಾತು ನಿಂದು?” ಎಂದು ಶುರುಮಾಡಿದರು.

“ಸೂರಗೊಂಡನಕೊಪ್ಪ ಅಜ್ಜೀ. ಕುಮಾರನಾಯ್ಕ ಅಂತ.”

“ಅಯ್ಯೋ, ನಮ್ಮ ಯಜಮಾನ್ರು ಅಲ್ಲಿಂದ್ಲೇ ಒಂದು ಜೊತಿ ಎತ್ತು ತಂದಿದ್ರಪ್ಪಾ! ಬಿಳೀವು. ಯಾರ ಮನೀವು ಅಂತ ನಿಂಗೇನಾದ್ರೂ ಗೊತ್ತಾ?”

ಆ ಎತ್ತು ಬಂದದ್ದು ಕುಮಾರನಾಯ್ಕರು ಹುಟ್ಟುವ ಮೊದಲು. ಆದರೂ ಆ ಪುಣ್ಯಾತ್ಮರು ಏಣಿಗೆ ಒರಗಿ, ಬಿಳಿ ಎತ್ತು ಯಾರ ಮನೆಯದಿರಬಹುದು ಎಂದು ಯೋಚಿಸತೊಡಗಿದರು. ನಾನು ಆ ಹೊತ್ತಿನಲ್ಲಿ ಆ್ಯಪಿನೊಳಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟವಳಂತೆ ಅಲೆಯುತ್ತಿದ್ದೆ. ಗ್ಯಾಸು ಬುಕ್ ಮಾಡುತ್ತೀರಾ ಎಂದು ಕೇಳಿತು, ಸಾಲ ಬೇಕೇ ಎಂದು ಕೇಳಿತು, ಬಂಗಾರ ಕೊಳ್ಳುತ್ತೀರಾ ಎಂದೂ ಕೇಳಿತು. ಬಿಲ್ ಕಟ್ಟಲು ದುಡ್ಡಿಲ್ಲದವರಿಗೆ ಬಂಗಾರ ತೋರಿಸುವ ಈ ಬುದ್ಧಿ ಯಾರದೋ. ಕೊನೆಗೂ ಬಲ್ಬಿನ ಚಿತ್ರ ಸಿಕ್ಕಿತು. ಬಿಲ್ಲಿನ ಮೇಲಿನ ಹತ್ತು ಅಂಕಿಯ ನಂಬರು ಹಾಕಬೇಕಂತೆ. ದೇವರ ದೀಪದ ಕಾವಿಗೆ ಬಿಲ್ಲಿನ ಅಕ್ಷರಗಳೆಲ್ಲ ಮಾಸಿಹೋಗಿದ್ದವು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಒಂದೊಂದೇ ಅಂಕಿ ಒತ್ತಿದೆ. ಕೊನೆಯದು ಮೂರೋ ಎಂಟೋ ತಿಳಿಯಲಿಲ್ಲ. ಎಂಟಿರಬೇಕು ಎಂದು ಎಂಟನ್ನೇ ಒತ್ತಿದೆ.

ಮರುಕ್ಷಣ ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಬಸಪ್ಪ’ ಎಂದು ಮೂಡಿತು! “ಅತ್ತೇ, ಮಾವನವರ ಹೆಸರು ಬಂತು!” ಎಂದು ಕೂಗಿದೆ. ಅತ್ತೆ ಹೊರಗಿನಿಂದಲೇ ಸೆರಗು ಸರಿಮಾಡಿಕೊಂಡರು. ಹೆಸರಿನ ಮುಂದೆ ಇನಿಷಿಯಲ್ಲೂ ಇತ್ತು, ನೋಡುವ ತಾಳ್ಮೆ ಯಾರಿಗಿತ್ತು? ಮೊತ್ತ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯಿತ್ತು. ಆನ್‌ಲೈನಿನಲ್ಲಿ ಕಟ್ಟುವವರಿಗೆ ರಿಯಾಯಿತಿ ಇರಬೇಕು, ಇಷ್ಟು ವರ್ಷ ಸಾಲಿನಲ್ಲಿ ನಿಂತು ನಮ್ಮವರು ಎಷ್ಟು ಕಳೆದರೋ ಎಂದು ಮರುಗಿ, ಪಿನ್ನಮ್ಮನ ಅಳತೆ ತೆಗೆದು ಒತ್ತಿಯೇ ಬಿಟ್ಟೆ. ಹಸಿರು ಬಣ್ಣದ ಗುರುತು ಅರಳಿ ನಿಂತಿತು. ಟಿಣ್!

ಆ ಕ್ಷಣದ ನನ್ನ ಹೆಮ್ಮೆಯನ್ನು ಹೇಗೆ ವರ್ಣಿಸಲಿ? ಹೈಸ್ಕೂಲು ಪಾಸಾದಾಗಲೂ ನಾನು ಹೀಗೆ ನಡೆದಿರಲಿಲ್ಲ. ಫೋನನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೊರಗೆ ಬಂದು, “ನೋಡ್ರಿ, ಕಟ್ಟಿದೆ! ಇಳಿಸ್ರಿ ನಿಮ್ಮ ಏಣಿ!” ಎಂದೆ.

ಕುಮಾರನಾಯ್ಕರು ತಮ್ಮ ಫೋನು ನೋಡಿದರು. ನನ್ನ ಫೋನು ನೋಡಿದರು. ತಲೆ ಕೆರೆದುಕೊಂಡರು.

“ನಿಮ್ದು ಬಾಕಿ ಹಂಗೇ ಐತಲ್ರಿ ಅಕ್ಕಾರೆ. ಇಲ್ಲಿ ನೋಡ್ರಿ, ನಿಮ್ಮ ನಂಬರ್ರು ಕೊನೀಗೆ ಮೂರು. ನೀವು ಎಂಟಕ್ಕೆ ಕಟ್ಟೀರಿ.”

“ಎಂಟು ಯಾರದು?”

“ಅದೂ ಬಸಪ್ಪೋರೇ. ಆದ್ರೆ ಎಂ. ಬಸಪ್ಪ. ಪಕ್ಕದ ಮನಿ.”

ಆರತಿ ತಟ್ಟೆಯಂತೆ ಎತ್ತಿದ್ದ ಫೋನನ್ನು ಕೆಳಗಿಳಿಸಿದೆ. ದುಡ್ಡು ಹೋಯಿತು ಎಂದಲ್ಲ. ಅದು ಹೋದ ಜಾಗ ಅಂಥದ್ದು. ಆ ಬಸಪ್ಪನವರ ಹೆಂಡತಿ ಗಿರಿಜಕ್ಕನಿಗೂ ನನಗೂ ಮಾತು ನಿಂತು ಎರಡು ವರ್ಷವಾಗಿತ್ತು. ತಮ್ಮನ ಮಗಳ ಮದುವೆಗೆಂದು ಆಕೆಗೆ ನಾನೇ ಬ್ಲೌಸು ಹೊಲಿದುಕೊಟ್ಟಿದ್ದೆ. ಅದು ಬಿಗಿಯಾಯಿತು. ಆಕೆ ನಾಲ್ಕು ಜನ ಗಿರಾಕಿಗಳ ಎದುರಿಗೆ ಬಂದು, “ಶಾರದಾ, ನಿಂಗೆ ಅಳತಿ ತಗಿಯಾಕೇ ಬರಲ್ಲ,” ಎಂದಳು. ನಾನು ಟೇಪು ಕೊರಳಿಗೆ ಹಾಕಿಕೊಂಡು, “ಅಳತೆ ಸರಿಯಾಗೇ ಐತೆ ಗಿರಿಜಕ್ಕ, ಆಮೇಲೆ ನೀವೇ ಹೆಚ್ಚಾಗೀರಿ,” ಎಂದೆ. ಅಷ್ಟೇ. ಅಂದಿನಿಂದ ಅವಳು ಒಗೆದ ಬಟ್ಟೆ ಒಣಹಾಕಲು ಬಂದರೆ ನಾನು ಒಳಗೆ, ನಾನು ರಂಗೋಲಿ ಹಾಕಲು ಬಂದರೆ ಅವಳು ಒಳಗೆ. ಅಂಥ ಮನೆಯ ಕರೆಂಟ್ ಬಿಲ್ಲನ್ನು ನಾನು ಕಟ್ಟಿದ್ದೆ! ನನ್ನ ಖಾತೆಯಲ್ಲಿ ಈಗ ಉಳಿದದ್ದು ದಾರ, ಗುಂಡಿ ಕೊಳ್ಳಲು ಸಾಕಾಗುವಷ್ಟು.

ಅಷ್ಟರಲ್ಲಿ ಪಕ್ಕದ ಬಾಗಿಲು ದಡಾರನೆ ತೆರೆಯಿತು. ಗಿರಿಜಕ್ಕ ಫೋನನ್ನು ದೂರ ಹಿಡಿದುಕೊಂಡು ಬೀದಿಗೇ ಬಂದಳು. ನನ್ನತ್ತ ನೋಡದೆ ಕುಮಾರನಾಯ್ಕರಿಗೆ, “ಏನ್ರೀ ಇದು? ನನ್ನ ಬಿಲ್ ಕಟ್ಟೈತೆ ಅಂತ ಮೆಸೇಜ್ ಬಂದೈತೆ. ನಾ ಕಟ್ಟೇ ಇಲ್ಲ! ಇದೇನಾರಾ ಫೋನ್ ಕಳ್ಳರ ಕೆಲ್ಸನಾ?” ಎಂದು ಕೇಳಿದಳು.

“ಕಳ್ಳರು ಬಿಲ್ ಕಟ್ತಾರೇನ್ರೀ?” ಎಂದು ನಕ್ಕರು ಕುಮಾರನಾಯ್ಕರು. “ಈ ಅಕ್ಕಾರೇ ಕಟ್ಟಿದ್ದು.”

ಆ ಮನುಷ್ಯ ‘ತಪ್ಪಿ ಕಟ್ಟಿದ್ದು’ ಎಂದು ಒಂದೇ ಒಂದು ಮಾತು ಸೇರಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಅವರು ಮಜ್ಜಿಗೆಯ ಎರಡನೇ ಲೋಟಕ್ಕೆ ಬಾಯಿ ಹಚ್ಚಿಬಿಟ್ಟರು. ಗಿರಿಜಕ್ಕ ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. ಅಳತೆ ತೆಗೆಯಲು ಬರುವುದಿಲ್ಲ ಎಂದವಳ ಎದುರಿಗೆ, ಅಂಕಿ ಓದಲೂ ಬರುವುದಿಲ್ಲ ಎಂದು ಹೇಗೆ ಒಪ್ಪಿಕೊಳ್ಳಲಿ?

“ನೀನಾ? ನನ್ನ ಬಿಲ್ಲು ನೀ ಯಾಕೆ ಕಟ್ಟಿದಿ?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ ಏಣಿಯ ಬಳಿಯಿಂದ, “ಅವ್ಳ ಮನಸ್ಸೇ ಅಂಥದ್ದಮ್ಮಾ,” ಎಂದರು. ನಾನು ಬೆಚ್ಚಿ ಅತ್ತೆಯನ್ನು ನೋಡಿದೆ. ಅವರು ಕಂಬದ ತುದಿಯನ್ನು ನೋಡುತ್ತಿದ್ದರು.

ಗಿರಿಜಕ್ಕನ ಕಣ್ಣು ತುಂಬಿತು. “ನಾ ಅಷ್ಟು ಜನದ ಮುಂದೆ ಹಂಗೆ ಅಂದಿದ್ದೆ ಶಾರದಾ. ಅದನ್ನೆಲ್ಲ ಮರ್ತು ನೀ ಹಿಂಗೆ ಮಾಡಿದಿ ಅಂದ್ರೆ…” ಎಂದವಳಿಗೆ ಆಗ ಏಣಿ ಕಾಣಿಸಿತು. “ಈ ಏಣಿ ಯಾಕೆ?”

“ಇವರ್ದು ಎರಡು ತಿಂಗಳು ಬಾಕಿ ಐತ್ರೀ,” ಎಂದರು ಕುಮಾರನಾಯ್ಕರು.

“ನಿಂದು ಬಾಕಿ ಇಟ್ಕಂಡು ನಂದು ಕಟ್ಟೀಯಾ!” ಗಿರಿಜಕ್ಕ ಈಗ ಅತ್ತೇಬಿಟ್ಟಳು. ನನಗೂ ಅಳು ಬಂತು. ಅವಳಿಗೆ ಬಂದದ್ದು ನನ್ನ ಒಳ್ಳೆಯತನಕ್ಕೆ, ನನಗೆ ಬಂದದ್ದು ಒಂಟಿ ತೋಳಿನ ಬ್ಲೌಸಿಗೆ ಎಂದು ಮೊದಲು ಅಂದುಕೊಂಡೆ. ಆದರೆ ಆಕೆ ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕೈ ಹಿಡಿದಾಗ, ಈ ಎರಡು ವರ್ಷ ಆಕೆಯ ಮನೆಯ ಒಗ್ಗರಣೆಯ ವಾಸನೆ ಬಂದಾಗಲೆಲ್ಲ ಏನು ಸಾರು ಎಂದು ಕೇಳದೆ ಉಳಿದದ್ದು ಎಷ್ಟು ಕಷ್ಟವಾಗಿತ್ತು ಎಂಬುದು ಒಮ್ಮೆಲೇ ತಿಳಿಯಿತು. ನಾನು ನಿಜವಾಗಿಯೂ ಅತ್ತುಬಿಟ್ಟೆ.

“ನಂಬರ್ ಹೇಳು, ನಾ ಕಟ್ತೀನಿ,” ಎಂದಳು. ಇಬ್ಬರೂ ಜಗಲಿಯ ಮೇಲೆ ಕೂತೆವು. ನಾನು ಒಂದೊಂದೇ ಅಂಕಿ ಓದಿದೆ, ಆಕೆ ಒಂದೊಂದೇ ಒತ್ತಿದಳು, ಕುಮಾರನಾಯ್ಕರು ತಮ್ಮ ಪಟ್ಟಿ ನೋಡಿ ಪ್ರತಿ ಅಂಕಿಗೂ “ಹ್ಞೂಂ, ಸರಿ ಐತೆ” ಎಂದರು. ಕೊನೆಯ ಮೂರನ್ನು ಮೂವರೂ ಸೇರಿ ಕೂಗಿದೆವು. ಹಸಿರು ಗುರುತು ಮತ್ತೆ ಅರಳಿತು. ಕುಮಾರನಾಯ್ಕರ ಫೋನಿನಲ್ಲಿ ನಮ್ಮ ಬಾಕಿ ಸೊನ್ನೆಯಾಯಿತು. ಏಣಿ ಇಳಿಯಿತು. ಅತ್ತೆ ಚಪ್ಪಾಳೆ ತಟ್ಟಿದರು. ನನ್ನ ಬಿಲ್ಲು ಹೆಚ್ಚಿತ್ತಲ್ಲ, ಉಳಿದ ದುಡ್ಡು ನಾಳೆಯೇ ಕೊಡುತ್ತೇನೆ ಎಂದರೆ ಗಿರಿಜಕ್ಕ ಕೈ ಝಾಡಿಸಿದಳು. “ಅದ್ರಾಗೆ ನಂಗೊಂದು ಬ್ಲೌಸ್ ಹೊಲ್ಕೊಡು. ಸ್ವಲ್ಪ ಸಡ್ಲ ಇಡು. ನೀ ಅಂದಿದ್ದೂ ಖರೇನೇ, ಆವಾಗ ನಾ ಹೆಚ್ಚಾಗಿದ್ದೆ.” ಮೂರೂಮುಕ್ಕಾಲಿಗೆ ಮದುಮಗಳ ಬ್ಲೌಸಿಗೆ ಎರಡನೇ ತೋಳು ಬಂದು, ಇಸ್ತ್ರಿಯೂ ಆಗಿ ಸಿದ್ಧವಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲೆಲ್ಲ ಒಂದೇ ಮಾತು: ಶಾರದಮ್ಮ ತನ್ನ ಮನೆಯ ಕರೆಂಟು ಹೋದರೂ ಚಿಂತೆಯಿಲ್ಲ ಎಂದು ಹಗೆಯವಳ ಬಿಲ್ ಕಟ್ಟಿದಳಂತೆ. ಯಜಮಾನರು ಚನ್ನಗಿರಿಯಿಂದ ಬಂದವರು ಬಸ್‌ಸ್ಟ್ಯಾಂಡಿನಲ್ಲೇ ಇದನ್ನು ಕೇಳಿ, ಮನೆಗೆ ಬಂದು ನನ್ನನ್ನು ಹೊಸದಾಗಿ ನೋಡಿದರು. ಒಂದು ಗಂಟೆ ಸುಖ ಅನುಭವಿಸಿ ಆಮೇಲೆ ನಿಜ ಹೇಳೋಣ ಎಂದುಕೊಂಡೆ. ಆಮೇಲೆ, ನಾಳೆ ಹೇಳೋಣ ಎಂದುಕೊಂಡೆ. ಹಾಗೇ ಏಳು ತಿಂಗಳಾಯಿತು. ಒಮ್ಮೆ ಅತ್ತೆಯ ಹತ್ತಿರ, “ಗಿರಿಜಕ್ಕನಿಗಾದರೂ ಹೇಳಿಬಿಡಲಾ?” ಎಂದು ಕೇಳಿದೆ. “ಸುಮ್ನಿರು. ಅವ್ಳಿಗೆ ಯಾಕೆ ಬೇಜಾರು ಮಾಡ್ತೀಯ,” ಎಂದು ಅವರು ಅವರೆಕಾಯಿ ಸುಲಿಯುವುದರಲ್ಲಿ ಮುಳುಗಿದರು.

ಹೋದ ವಾರ ಹಿಂದಿನ ಬೀದಿಯ ಓರಗಿತ್ತಿಯರಿಬ್ಬರು ಬಂದಿದ್ದರು. ನೀರಿನ ಪೈಪಿನ ವಿಚಾರಕ್ಕೆ ಅವರಿಗೆ ಜಗಳ. ನಾನೇ ಬುದ್ಧಿ ಹೇಳಿ ಒಂದು ಮಾಡಬೇಕಂತೆ. ಇಬ್ಬರನ್ನೂ ಕೂರಿಸಿ, ಇಬ್ಬರಲ್ಲಿ ಒಬ್ಬರಾದರೂ ಮೊದಲು ದೊಡ್ಡ ಮನಸ್ಸು ಮಾಡಬೇಕು ಎಂದು ಬಹಳ ಗಂಭೀರವಾಗಿ ಹೇಳಿದೆ. ಅವರಲ್ಲಿ ಕಿರಿಯಳು ಕಣ್ಣರಳಿಸಿ, “ನಿಮಗೆ ಅಂಥ ಮನಸ್ಸು ಹೆಂಗೆ ಬಂತಕ್ಕಾ?” ಎಂದು ಕೇಳಿದಳು.

ಸ್ವಲ್ಪ ಹೊತ್ತು ಕಣ್ಣು ಮುಚ್ಚಿದೆ. ಆಮೇಲೆ, “ಅದು ಕಲಿಯಾಕೆ ಬರಲ್ಲಮ್ಮಾ, ಒಳಗಿಂದ ಬರಬೇಕು,” ಎಂದೆ.