ಬಿಸಿಲಲ್ಲಿ ಮಂಜಿನ ಹಗ್ಗ

ಬ್ರಿಟನ್ನಿನ ಮಾತೃಶಾಲೆಯ ಹೆಡ್‌ಮಾಸ್ಟರ್ ಅವರ ಸನ್ನಿಧಿಗೆ,

ಮಾನ್ಯರೇ,

ನಾನೂರು ವರ್ಷಗಳ ಕೀರ್ತಿಯನ್ನು ಕಡಲಾಚೆಯಲ್ಲೇ ಇಟ್ಟುಕೊಂಡು ಸುಖವಾಗಿರಬಹುದಾಗಿದ್ದ ತಾವು, ನಮ್ಮ ಬೀದಿಯ ಶಾಲೆಯನ್ನು ತಮ್ಮ ಪಾಲುದಾರ ಸಂಸ್ಥೆಯನ್ನಾಗಿ ಮಾಡಿಕೊಂಡು ಅದಕ್ಕೂ ಒಂದು ತುಂಡು ಹಂಚಿದ ದೊಡ್ಡತನಕ್ಕೆ, ಆ ಶಾಲೆಯ ಗೇಟಿನೆದುರಿಗೇ ಹೊಲಿಗೆ ಅಂಗಡಿ ಇಟ್ಟಿರುವ, ಅಲ್ಲಿನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿಯಾದ ನಾನು, ಕತ್ತರಿ ಕೆಳಗಿಟ್ಟು ಕೈ ಜೋಡಿಸುತ್ತೇನೆ.

ತಮ್ಮ ಕೃಪೆಯಿಂದ ನನ್ನ ಅಂಗಡಿಗೆ ಕೆಲಸ ತಪ್ಪಿಲ್ಲ. ತಲೆ ಕಾದು ಹೆಂಚಾಗುವ ಈ ಊರಿನಲ್ಲಿ ಮಕ್ಕಳಿಗೆ ಉಣ್ಣೆಯ ಕೋಟು ಹೊಲಿಯುವ ಭಾಗ್ಯ ಯಾರಿಗುಂಟು? ಅದನ್ನು ತೊಟ್ಟು ಬೆವರಿ ತೊಪ್ಪೆಯಾದ ಮಕ್ಕಳನ್ನು ನೋಡಿದಾಗ ಅಳತೆ ತೆಗೆದ ಪಾಪ ನನ್ನದೇ ಅನ್ನಿಸುತ್ತದೆ, ಆದರೂ ಹೊಟ್ಟೆಪಾಡು, ಹೊಲಿಯುತ್ತೇನೆ.

ಉಣ್ಣೆಯ ಕೋಟಿಗಿಂತಲೂ ನಾನು ಮೆಚ್ಚಿದ್ದು ತಮ್ಮ ಹಗ್ಗವನ್ನು. ತಮ್ಮಲ್ಲಿ ಮಂಜು ಕವಿದಾಗ ಮಕ್ಕಳು ದಾರಿ ತಪ್ಪದಿರಲೆಂದು ಒಂದೇ ಹಗ್ಗ ಹಿಡಿದು ಸಾಲಾಗಿ ಸಭಾಂಗಣಕ್ಕೆ ಹೋಗುತ್ತಾರಂತೆ. ತಾವು ಕಳಿಸಿದ ನಿಯಮಗಳಲ್ಲಿ ಒಂದಕ್ಷರವನ್ನೂ ಬಿಡದ ನಮ್ಮ ಪ್ರಿನ್ಸಿಪಾಲರ ದೆಸೆಯಿಂದ, ಮಂಜೆಂದರೇನೆಂದೇ ಅರಿಯದ ನಮ್ಮ ಮಕ್ಕಳು ಪ್ರತಿ ಸೋಮವಾರ ಕಣ್ಣು ಕುಕ್ಕುವ ಬಿಸಿಲಲ್ಲಿ ಹಗ್ಗ ಹಿಡಿದು, ಮೂಗಿನ ಮುಂದೆಯೇ ಇರುವ ಸಭಾಂಗಣವನ್ನು ತಡಕಾಡುತ್ತಾ ಹುಡುಕುತ್ತಾರೆ. ನೇರವಾಗಿ ನಡೆದು ಬಾಗಿಲು ಮುಟ್ಟಿದ ಒಬ್ಬನಿಗೆ ಅಶಿಸ್ತೆಂದು ಅಂಕ ಕಳೆದರು. ದಯವಿಟ್ಟು ಮುಂದಿನ ಹಡಗಿನಲ್ಲಿ ಒಂದಿಷ್ಟು ಮಂಜನ್ನೂ ತುಂಬಿಸಿ ಕಳಿಸಬೇಕು. ಹಗ್ಗ ಕೊಂಡದ್ದಾಗಿದೆ, ಎಮ್ಮೆಯೊಂದು ಬಾಕಿ.

ಇನ್ನು ನನ್ನ ಮಗಳ ವಿಷಯ. ಅವಳಿಗೆ ಮಾತು ತೊದಲುತ್ತದೆ. ಹಿಂದಿದ್ದ ಮೇಡಂ ಅವಳ ಉತ್ತರ ಮುಗಿಯುವ ತನಕ ಕಾಯುತ್ತಿದ್ದರು, ಇಡೀ ಕ್ಲಾಸೂ ಕಾಯುತ್ತಿತ್ತು, ಯಾರಪ್ಪನ ಗಂಟೂ ಹೋಗಲಿಲ್ಲ. ತಮ್ಮ ಟೈಮ್‌ಟೇಬಲ್ಲಿನಲ್ಲಿ ಕಾಯುವುದಕ್ಕೆ ಪೀರಿಯಡ್ ಇದ್ದಂತಿಲ್ಲ. ಮುಂದಿನ ವಾರ ತಾವೇ ಬಂದು ಪ್ರತಿ ಮಗುವಿನ ಕೈ ಕುಲುಕುತ್ತೀರೆಂದು ಕೇಳಿ, ಅವಳು ನನ್ನ ಮೆಷಿನ್ನಿನ ಪಕ್ಕ ಕೂತು 'ಗುಡ್ ಮಾರ್ನಿಂಗ್ ಸರ್' ಅಭ್ಯಾಸ ಮಾಡುತ್ತಿದ್ದಳು. ನಿನ್ನೆ ಪ್ರಿನ್ಸಿಪಾಲರು ಗುಂಡಿ ಹಾಕಿಸುವ ನೆಪದಲ್ಲಿ ಅಂಗಡಿಗೆ ಬಂದು, "ಬೇಜಾರು ಮಾಡ್ಕೋಬೇಡಿ ಅಮ್ಮಾ, ಅವತ್ತೊಂದಿನ ಮಗೂನ ಮನೇಲೇ ಇಟ್ಕೊಳ್ಳಿ, ಶಾಲೆ ಮರ್ಯಾದೆ ಪ್ರಶ್ನೆ ನೋಡಿ" ಎಂದರು. ಮಗಳು ಬಟ್ಟೆಯ ರಾಶಿಯ ಹಿಂದೆಯೇ ಇದ್ದಳು. ಅಭ್ಯಾಸ ಅಲ್ಲಿಗೆ ನಿಂತಿದೆ. ನನ್ನ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಇಷ್ಟು ಮರ್ಯಾದೆಯಿಂದ ಬರೆಯುತ್ತಿರುವುದೂ ಆ ಉರಿಯಲ್ಲೇ.

ಅವಳನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತಾವು ಕಾಯುತ್ತೀರೆಂದು, ತಮ್ಮನ್ನು ಕೇಳದೆಯೇ, ತಮ್ಮ ಪರವಾಗಿ ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ನಾನೂರು ವರ್ಷ ನಿಂತ ಸಂಸ್ಥೆಯವರು, ಇನ್ನೊಂದು ಅರ್ಧ ನಿಮಿಷ ನಿಂತರೆ ಕಾಲೇನೂ ಸವೆಯದು. ಅವಳ 'ಸರ್' ಪೂರ್ತಿಯಾಗುವ ತನಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ.

ಕೊರಳಿನ ಟೇಪಿನ ಸಮೇತ ತಲೆಬಾಗಿರುವ,
ತಮ್ಮ ವಿಶ್ವಾಸಿ,
ಗೇಟಿನೆದುರಿನ ಟೈಲರಮ್ಮ

ವಿ.ಸೂ.: ಪ್ರಿನ್ಸಿಪಾಲರು ಸ್ವಾಗತ ಭಾಷಣ ಉರುಹೊಡೆಯುವುದು ನನ್ನ ಅಂಗಡಿಯವರೆಗೂ ಕೇಳಿಸುತ್ತದೆ. ಮಾತೃಶಾಲೆಯ ಹೆಸರು ಬಂದಲ್ಲೆಲ್ಲ ಎಡವುತ್ತಾರೆ, ಪಾಪ. ಶಾಲೆಯ ಮರ್ಯಾದೆಗಾಗಿ ಅವರೂ ಅವತ್ತೊಂದಿನ ಮನೆಯಲ್ಲಿ ಉಳಿಯುವುದಾದರೆ, ನನ್ನ ಮಗಳ ವಿಷಯವನ್ನು ನಾನೂ ಮತ್ತೊಮ್ಮೆ ಯೋಚಿಸುತ್ತೇನೆ.